ನಾಲ್ಕು ಓಟಿನ ಮನೆ

"ಅವಳು ಬಾಯಿ ಮುಚ್ಚಿದ ಮೇಲೂ ನಿನ್ನ ಮಾತು ಓಡ್ತಾ ಇದೆ ಕಂಠಕ್ಕ. ಇನ್ನೊಂದ್ಸಲ," ಎಂದು ಗಾಜಿನ ಆಚೆಯಿಂದ ರೆಕಾರ್ಡಿಂಗಿನವನು ಹೇಳಿದ.

ಕಂಠಕ್ಕ ಹೆಡ್‌ಫೋನನ್ನು ಕಿವಿಗೆ ಸರಿಯಾಗಿ ಕೂರಿಸಿಕೊಂಡು ಪರದೆ ನೋಡಿದಳು. ಅಲ್ಲಿ ನಾಡಿಗೆ ನಾಡೇ ಮರುಳಾಗಿದ್ದ ನಾಯಕಿ ಬಿಳಿ ಅಂಗಿ ತೊಟ್ಟು, ಕುರ್ಚಿಯ ತುದಿಯಲ್ಲಿ ಕೂತು, ತೋರುಬೆರಳೆತ್ತಿ ಗದರುವ ಹಾಗೆ ನೋಡುತ್ತಿದ್ದಳು. ನಾಯಕಿಗೆ ಇಲ್ಲಿಯ ಭಾಷೆ ನಾಲ್ಕು ಮಾತಿಗಿಂತ ಹೆಚ್ಚು ಬಾರದು. ಮೊದಲ ಚಿತ್ರದಿಂದಲೂ ಅವಳು ಅತ್ತದ್ದು, ನಕ್ಕದ್ದು, ಖಳನ ಕೆನ್ನೆಗೆ ಬಾರಿಸಿ ಬೈದದ್ದು ಎಲ್ಲವೂ ಕಂಠಕ್ಕನ ಗಂಟಲಿನಲ್ಲೇ. ಚಿತ್ರದ ಕೊನೆಗೆ ಊಟ ಬಡಿಸಿದವರ ಹೆಸರೂ ಮೇಲೇರಿ ಹೋಗುತ್ತಿತ್ತು, ಇವಳದು ಇರುತ್ತಿರಲಿಲ್ಲ. ಸ್ಟುಡಿಯೋದವರಿಗೂ ಅವಳ ಹೆಸರು ಮರೆತು ಬರೀ ಕಂಠಕ್ಕ ಉಳಿದಿತ್ತು.

ಈ ಸಲದ್ದು ಸಿನಿಮಾ ಅಲ್ಲ. ಹೋದ ಚುನಾವಣೆಯಲ್ಲಿ ಊರಿನ ಅರ್ಧ ಜನ ಮತಗಟ್ಟೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ರಜೆ ಸಿಕ್ಕಿತೆಂದು ಕೆಲವರು ಊರು ಬಿಟ್ಟಿದ್ದರು. ಉಳಿದವರು, ಯಾರು ಗೆದ್ದರೂ ನಮ್ಮ ಪಾತ್ರೆ ನಾವೇ ತೊಳೀಬೇಕು ಎಂದು ಮನೆಯಲ್ಲೇ ಕಾಲು ಚಾಚಿದ್ದರು. ಅಂಥವರನ್ನು ಎಬ್ಬಿಸಲು ಚುನಾವಣಾ ಕಚೇರಿಯವರು ಈಗ ಹೆಸರುವಾಸಿಗಳ ಬೆನ್ನು ಹತ್ತಿದ್ದರು. ಒಬ್ಬ ಆಟಗಾರ, ಒಬ್ಬ ಹಾಡುಗಾರ, ಜೊತೆಗೆ ಈ ನಾಯಕಿ.

ಪರದೆಯ ಮೇಲೆ ಬೆರಳು ಮತ್ತೆ ಮೇಲೆದ್ದಿತು. ಕಂಠಕ್ಕ ಶುರು ಮಾಡಿದಳು. "ಮನೇಲಿ ಕೂತು ಗೊಣಗಿದ್ರೆ ಏನೂ ಆಗಲ್ಲ. ಎದ್ದು ಬನ್ನಿ. ನಿಮ್ಮ ಪರವಾಗಿ ಇನ್ನೊಬ್ಬರು ಮಾತಾಡೋಕೆ ಬಿಡಬೇ..."

ಅಲ್ಲಿಗೆ ಬಂದದ್ದೇ ಅವಳಿಗೆ ನಗು ತಡೆಯಲಾಗಲಿಲ್ಲ. ಕೆಮ್ಮಿ ನುಂಗಿದಳು, ಮತ್ತೂ ಬಂತು. ಗಾಜಿನ ಆಚೆ ರೆಕಾರ್ಡಿಂಗಿನವನೂ ತಲೆ ಬಗ್ಗಿಸಿ ಭುಜ ಕುಣಿಸತೊಡಗಿದ.

"ಏನು ತಮಾಷೆ?" ಎಂದ ಜಾಹೀರಾತಿನ ನಿರ್ದೇಶಕ. ಗಡ್ಡ ಈಗಷ್ಟೇ ದಟ್ಟವಾಗುತ್ತಿದ್ದ ಅವನಿಗೆ ಕೆಲಸದ ಮೇಲೆ ಬಹಳ ಭಕ್ತಿ.

"ಏನಿಲ್ಲ ಸರ್. ಯಾರ ಪರವಾಗಿ ಯಾರು ಮಾತಾಡ್ತಿದ್ದಾರೆ ಅಂತ ನೆನಪಾಯ್ತು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನೂ ಅರೆಮನಸ್ಸಿನಿಂದ ನಕ್ಕ. "ಸರಿ, ನೀವು ಓಟು ಹಾಕ್ತೀರಲ್ಲ? ಆ ಖುಷಿಯಿಂದ್ಲೇ ಹೇಳಿ."

"ನಾನಾ? ಹಾಕಲ್ಲ."

"ಯಾಕೆ?"

"ತಲೆನೋವು ಬರುತ್ತೆ."

ಅವನು ಇದನ್ನೂ ತಮಾಷೆ ಎಂದುಕೊಂಡ. ಆದರೆ ಅದು ನಿಜವಾಗಿತ್ತು. ಮದುವೆಯಾದ ಹೊಸತರಲ್ಲಿ ಬಂದ ಮೊದಲ ಚುನಾವಣೆಯ ಹಿಂದಿನ ದಿನ ಮಾವ ಮನೆಯವರನ್ನೆಲ್ಲ ಎದುರಿಗೆ ಕೂರಿಸಿಕೊಂಡು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಿರಗಿಟ್ಲೆಯ ಚಿತ್ರ ಬರೆದು, "ಇದೇ ಗುರುತು, ಇದಕ್ಕೇ ಒತ್ತಬೇಕು," ಎಂದು ಪಾಠ ಹೇಳಿದ್ದ. ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಮನೆಯನ್ನೂ ಹಾಗೇ ಓಡಿಸುತ್ತಿದ್ದ, ಯಾರು ಎಲ್ಲಿ ಇಳಿಯಬೇಕೆಂಬುದು ಅವನಿಗೇ ಗೊತ್ತು. ವಾರ್ಡಿನ ಮೆಂಬರು ಗಿರಗಿಟ್ಲೆ ಪಕ್ಷದವನು, ಮನೆಗೆ ನೀರಿನ ಕೊಳವೆ ಹಾಕಿಸಿಕೊಟ್ಟವನು. ಕುಡಿದ ನೀರಿಗೆ ಎರಡು ಬಗೆಯಬಾರದೆಂದು ಮಾವ ಅವನಿಗೆ ಮಾತು ಕೊಟ್ಟಿದ್ದ. ನಮ್ಮದು ನಾಲ್ಕು ಓಟಿನ ಮನೆ, ನಾಲ್ಕೂ ನಿಮ್ಮವೇ ಎಂದು. ಅತ್ತೆ ಹೂಂ ಎಂದಿದ್ದಳು, ಗಂಡ ಹೂಂ ಎಂದಿದ್ದ. ಹೊಸ ಸೊಸೆಗೆ ಹೂಂ ಅನ್ನಲು ಮನಸ್ಸಿಲ್ಲ, ಊಹೂಂ ಅನ್ನಲು ಬಾಯಿಲ್ಲ. ಮರುದಿನ ಬೆಳಿಗ್ಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿಬಿಟ್ಟಳು. ಅಲ್ಲಿಂದೀಚೆಗೆ ಯಾವ ಚುನಾವಣೆ ಬಂದರೂ ಅವಳಿಗೆ ತಲೆನೋವು. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಗಂಡ ಹಿಂದಿನ ಸಂಜೆಯೇ ಮಾತ್ರೆ ತಂದಿಟ್ಟು, ಏನೂ ಕೇಳದೆ ಹೋಗುತ್ತಿದ್ದ.

"ರೆಡೀನಾ?" ಎಂದ ರೆಕಾರ್ಡಿಂಗಿನವನು.

ಈ ಸಲ ನಗು ಬರಲಿಲ್ಲ. ಆ ಸಾಲು ಗಂಟಲಿನಿಂದ ಬೈಗುಳದ ಹಾಗೆ ಹೊರಬಿತ್ತು. "ಇದೇ," ಎಂದ ನಿರ್ದೇಶಕ. "ಇದನ್ನ ಮುಟ್ಟೋದು ಬೇಡ."

ಜಾಹೀರಾತು ಬಂದದ್ದೇ ತಡ, ಊರೆಲ್ಲ ಅದೇ ಮಾತಾಯಿತು. ಬಸ್ ನಿಲ್ದಾಣದ ಟಿವಿಯಲ್ಲಿ, ಕಟಿಂಗ್ ಶಾಪಿನಲ್ಲಿ, ಕೈಯಲ್ಲಿನ ಫೋನಿನಲ್ಲಿ, ಎಲ್ಲಿ ನೋಡಿದರೂ ನಾಯಕಿ ಬೆರಳೆತ್ತಿ ಗದರುತ್ತಿದ್ದಳು. ಮಾವ ಕೂಡ, "ಹುಡುಗಿ ಖಡಕ್ಕಾಗಿ ಹೇಳ್ತಾಳೆ," ಎಂದು ತಲೆದೂಗಿದ. ದನಿ ಯಾರದೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಮುಖಕ್ಕೇ ಹೊಗಳಿಕೆ ಹೋಗುವುದು ಅವನಿಗೆ ಸಲೀಸಾಗಿತ್ತು.

ಹೆಚ್ಚು ದಿನ ಕಳೆಯಲಿಲ್ಲ, ಸ್ಟುಡಿಯೋದಿಂದ ಮತ್ತೆ ಕರೆ ಬಂತು. ಈ ಸಲ ಗಡ್ಡದ ನಿರ್ದೇಶಕ ಇರಲಿಲ್ಲ. ನಾಯಕಿಯ ಮ್ಯಾನೇಜರು ಗಡಿಯಾರ ನೋಡುತ್ತ ನಿಂತಿದ್ದ.

"ಬೇಗ ಮುಗಿಸಿ. ಮೇಡಂಗೆ ವಿಮಾನಕ್ಕೆ ಹೊತ್ತಾಗ್ತಿದೆ, ಹೊರಗೆ ಕಾಯ್ತಿದ್ದಾರೆ. ಮೊನ್ನೆ ಮಾಡಿದ್ರಲ್ಲ, ಅದೇ ಥರ. ಎರಡು ಸಾಲು."

ಪರದೆಯ ಮೇಲೆ ಅದೇ ಬಿಳಿ ಅಂಗಿ, ಅದೇ ಕುರ್ಚಿ. ಕಂಠಕ್ಕ ಕೈಗೆ ಕೊಟ್ಟ ಹಾಳೆ ನೋಡಿದಳು. 'ನನಗೆ ಗಿರಗಿಟ್ಲೆ ಮೇಲೆ ನಂಬಿಕೆ. ನಿಮ್ಮ ಓಟೂ ಗಿರಗಿಟ್ಲೆಗೇ ಅಲ್ವಾ?' ಮತ್ತೆ ತಲೆಯೆತ್ತಿ ನಾಯಕಿಯ ತುಟಿ ನೋಡಿದಳು. ಆ ತುಟಿಗಳ ಜೊತೆ ಅವಳದು ಹಳೆಯ ಸಂಸಾರ. ಮಾತು ಬಾಯಿಪಾಠ ಆಗದ ದಿನ ನಾಯಕಿ ತನ್ನ ಭಾಷೆಯಲ್ಲಿ ಒಂದು ಎರಡು ಮೂರು ಎಂದು ಎಣಿಸಿ ಶೂಟಿಂಗ್ ಮುಗಿಸುತ್ತಿದ್ದಳು. ಆ ಎಣಿಕೆಯ ಮೇಲೆ ಮಾತು ಕೂರಿಸುವುದೇ ಕಂಠಕ್ಕನ ಪಾಡು. ಈಗಲೂ ಪರದೆಯ ಮೇಲೆ ನಾಯಕಿ ಎಣಿಸುತ್ತಿದ್ದಳು.

"ಮೇಡಂಗೆ ಇದು ಗೊತ್ತಾ?"

"ಮೇಡಂ ಒಪ್ಪಿದ್ದಾರೆ. ನೀವು ಹೇಳಿ."

ಕಂಠಕ್ಕ ಹೆಡ್‌ಫೋನು ತೆಗೆದಿಟ್ಟು ಬಾಗಿಲು ತಳ್ಳಿಕೊಂಡು ಹೊರಗೆ ಬಂದಳು. ಸೋಫಾದ ಮೇಲೆ ನಾಯಕಿ ಚಪ್ಪಲಿ ಬಿಚ್ಚಿ, ಕಾಲು ಮಡಚಿ ಕೂತು ಕತ್ತರಿಸಿದ ಹಣ್ಣು ತಿನ್ನುತ್ತಿದ್ದಳು. ಕಂಠಕ್ಕನ ಮುಖ ನೋಡಿದ್ದೇ ಅರಳಿದಳು. "ಅಕ್ಕಾ! ಚೆನ್ನಾಗಿ ಇದೀಯಾ? ಬಾ, ತಿನ್ನು."

"ಒಳಗೆ ಆಡ್ತಿದೆಯಲ್ಲ, ಅದರಲ್ಲಿ ನೀನು ಏನು ಹೇಳಿದೀಯ ಗೊತ್ತಾ?"

"ಓಟು ಹಾಕಿ. ಅದೇ ಅಲ್ಲ?"

"ಇವರಿಗೇ ಹಾಕಿ ಅಂತಿದೆ." ಕಂಠಕ್ಕ ಗಾಳಿಯಲ್ಲಿ ಬೆರಳಿನಿಂದ ಗಿರಗಿಟ್ಲೆ ತಿರುಗಿಸಿ ತೋರಿಸಿದಳು.

ನಾಯಕಿಯ ಬಾಯಲ್ಲಿ ಹಣ್ಣು ಹಾಗೇ ನಿಂತಿತು. ಹಿಂದೆಯೇ ಬಂದ ಮ್ಯಾನೇಜರನ್ನು ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಅವನು ಬಹಳ ಹೊತ್ತು, ಬಹಳ ಮೃದುವಾಗಿ ಉತ್ತರ ಹೇಳಿದ. ಕೇಳುತ್ತ ಕೇಳುತ್ತ ಅವಳು ಒಂದೊಂದೇ ಚಪ್ಪಲಿ ಹಾಕಿಕೊಂಡಳು.

"ಅಕ್ಕ, ಮುಂದಿನ ಸಿನಿಮಾ ಅವರದು. ಪಕ್ಷದವರದು. ನಾನು ಬೇಡ ಅಂದ್ರೆ..." ಮುಂದಿನ ಮಾತು ಅವಳಿಗೆ ಈ ಭಾಷೆಯಲ್ಲಿ ಸಿಗಲಿಲ್ಲ.

"ನಿನ್ನ ಮುಖ ನಿನ್ನಿಷ್ಟ," ಎಂದಳು ಕಂಠಕ್ಕ. "ನನ್ನ ಗಂಟಲು ನಾನು ಕೊಡಲ್ಲ."

ಮ್ಯಾನೇಜರಿನ ಮೃದುತನ ಅಲ್ಲಿಗೆ ಮುಗಿಯಿತು. "ಯೋಚನೆ ಮಾಡಿ ಮಾತಾಡಿ. ದನಿಗೇನು ಬರ ಬಂದಿದೆಯಾ? ಬೀದಿಗೆ ಹತ್ತು ಸಿಗುತ್ತೆ."

"ಹಾಗಿದ್ರೆ ಬೀದೀಲೇ ಹುಡುಕಿ. ಒಳಗೆ ಯಾಕೆ ಕರೆದ್ರಿ?"

ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಬಸ್ಸು ಹತ್ತಿದಳು. ಸಂಜೆಯೊಳಗೆ ಫೋನು ಬಂತು. ಮುಂದಿನ ಸಿನಿಮಾಕ್ಕೆ ಬೇರೆಯವರನ್ನು ಗೊತ್ತು ಮಾಡಿದ್ದಾರಂತೆ. ಹೇಳಿದವನು ರೆಕಾರ್ಡಿಂಗಿನವನೇ. "ನೀನು ಹೊರಟು ಹೋದ ಮೇಲೆ ಆಯಮ್ಮ ಆ ಹಣ್ಣು ಮುಟ್ಟಲಿಲ್ಲ ಕಂಠಕ್ಕ," ಎಂದೂ ಸೇರಿಸಿದ. ಅದರಿಂದ ಹೊಟ್ಟೆ ತುಂಬುವಂತಿರಲಿಲ್ಲ. ಮನೆಯಲ್ಲಿ ಅವಳು ಯಾರಿಗೂ ಏನೂ ಹೇಳಲಿಲ್ಲ.

ಹೇಳುವ ಅಗತ್ಯವೂ ಬೀಳಲಿಲ್ಲ. ಚುನಾವಣೆಗೆ ಇನ್ನೇನು ಬಂತು ಎನ್ನುವಾಗ ಒಂದು ಸಂಜೆ ಎಲ್ಲರೂ ಟಿವಿ ಮುಂದೆ ಕೂತಿದ್ದರು. ಅತ್ತೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ನಾಯಕಿ ಬಂದು ಎಂದಿನಂತೆ ಗದರಿ ಹೋದಳು. ಅವಳ ಬೆನ್ನಿಗೇ ಅದೇ ಬಿಳಿ ಅಂಗಿಯಲ್ಲಿ ಇನ್ನೊಮ್ಮೆ ಬಂದು, ಸಕ್ಕರೆ ಪಾಕದಂಥ ಎಳೆ ದನಿಯಲ್ಲಿ ಗಿರಗಿಟ್ಲೆಯ ಗುಣಗಾನ ಮಾಡಿದಳು.

"ಇದೇನು, ಇವಳಿಗೆ ಶೀತವಾ?" ಎಂದ ಮಾವ.

"ಅದು ನಮ್ಮ ಸೊಸೆ ದನಿ ಅಲ್ಲ," ಎಂದಳು ಅತ್ತೆ, ಬಟ್ಟೆಯಿಂದ ತಲೆಯೆತ್ತದೆ.

ಊರಿನವರಿಗೂ ಅದು ಹೊಳೆದುಬಿಟ್ಟಿತ್ತು. ಎರಡು ಜಾಹೀರಾತನ್ನೂ ಒಂದಕ್ಕೊಂದು ಅಂಟಿಸಿ, 'ಇವಳಿಗೆ ಗಂಟಲೆಷ್ಟು?' ಎಂದು ಜನ ಫೋನಿನಿಂದ ಫೋನಿಗೆ ಕಳಿಸಿ ನಗುತ್ತಿದ್ದರು. ಆ ಮಧ್ಯಾಹ್ನ ಗಂಡನ ಅಂಗಡಿಗೂ ಅದು ಬಂದಿತ್ತು. ಅವನು ಹೆಂಡತಿಯ ಮುಖ ನೋಡಿದ.

"ನಾನು ಆಗಲ್ಲ ಅಂದೆ," ಎಂದಳು ಅವಳು.

ಮಾವ ಟಿವಿಯ ಸದ್ದು ಅಡಗಿಸಿದ. "ಯಾರಿಗೆ ಆಗಲ್ಲ ಅಂದೆ ಗೊತ್ತಾ? ನಾಳೆ ನಾನು ಮೆಂಬರಿಗೆ ಏನಂತ ಮುಖ ತೋರಿಸಲಿ? ಈ ಮನೆ ಮಾತು ಕೊಟ್ಟಿದೆ."

"ಮನೆ ಕೊಟ್ಟಿಲ್ಲ ಮಾವ, ನೀವು ಕೊಟ್ಟಿದ್ದೀರ. ನಿಮ್ಮದನ್ನ ನೀವು ಕೊಡಿ, ಬೇಡ ಅಂದೋರ್ಯಾರು? ನನ್ನದನ್ನ ಯಾಕೆ ಅದರ ಜೊತೆ ಗಂಟು ಹಾಕಿದ್ರಿ?"

"ಇಷ್ಟು ವರ್ಷ ಇಲ್ಲದ್ದು ಈಗೇನು ಬಂತು?"

"ಇಷ್ಟು ವರ್ಷವೂ ಇತ್ತು. ತಲೆಗೆ ಬಟ್ಟೆ ಕಟ್ಕೊಂಡು ಮಲಗಿತ್ತು. ಈ ಸಲ ನಾನೂ ಬರ್ತೀನಿ. ಯಾವುದಕ್ಕೆ ಅಂತ ಮಾತ್ರ ಕೇಳಬೇಡಿ."

ಮಾವ ಮಗನ ಕಡೆ ತಿರುಗಿದ. "ಕೇಳಿದೆಯೇನೋ ನಿನ್ನ ಹೆಂಡತಿ ಮಾತು?"

ಗಂಡ ಕತ್ತು ಕೆರೆದುಕೊಂಡ. "ಕೇಳಿದೆ ಅಪ್ಪ. ಈ ಸಲ ಮಾತ್ರೆ ಬೇಡ ಅಂತಿದ್ದಾಳೆ."

ಅದು ಆ ಮನುಷ್ಯ ಅಪ್ಪನೆದುರು ಆಡಿದ ಅತಿ ದೊಡ್ಡ ಮಾತು. ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಅತ್ತೆ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಮತದಾನದ ಬೆಳಿಗ್ಗೆ ನಾಲ್ವರೂ ಒಟ್ಟಿಗೇ ಹೊರಟರು. ಮಾವ ಮುಂದೆ ಮುಂದೆ. ಶಾಲೆಯ ಬೀದಿಗೆ ತಿರುಗುವ ಕಡೆ ಪಕ್ಷದವರು ಮೇಜು ಹಾಕಿಕೊಂಡು ಕೂತಿದ್ದರು. ಮೆಂಬರು ತಾನೇ ಎದ್ದು ಬಂದು ಮಾವನ ಕೈ ಹಿಡಿದುಕೊಂಡ.

"ಬನ್ನಿ ಬನ್ನಿ ಯಜಮಾನ್ರೇ! ಓಹೋ, ಈ ಸಲ ಸೊಸೇನೂ ಕರ್ಕೊಂಡು ಬಂದ್ರಾ. ಅಂತೂ ನಾಲ್ಕಕ್ಕೆ ನಾಲ್ಕೂ ಬಂತು ಅನ್ನಿ!"

ಮಾವ ಕೈ ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯದೆ ನಿಂತ.

"ನನ್ನದನ್ನ ನಿಮ್ಮ ಲೆಕ್ಕಕ್ಕೆ ಸೇರಿಸ್ಕೋಬೇಡಿ," ಎಂದಳು ಕಂಠಕ್ಕ.

ಅವಳು ಕೂಗಿರಲಿಲ್ಲ. ಆದರೆ ಚಿತ್ರಮಂದಿರದ ಕೊನೆಯ ಸಾಲಿಗೂ ಮುಟ್ಟಿ ಅಭ್ಯಾಸವಾದ ದನಿ ಅದು. ಶಾಲೆಯ ಗೇಟಿನಿಂದ ಹೊರಗೂ ಬೆಳೆದಿದ್ದ ಸಾಲು ಸಾಲೇ ಹಿಂತಿರುಗಿ ನೋಡಿತು. ಮೆಂಬರು ನಗುವಿಗೆಂದು ತೆರೆದ ಬಾಯನ್ನು ಏನು ಮಾಡಬೇಕೆಂದು ತೋಚದೆ, ಕೊನೆಗೆ ನೊಣ ಓಡಿಸಿದ ಹಾಗೆ ಕೈಯಾಡಿಸಿ ಮೇಜಿಗೆ ಮರಳಿದ.

ಹೆಂಗಸರ ಸಾಲಿನಲ್ಲಿ ಅತ್ತೆ ಮುಂದೆ, ಅವಳ ಹಿಂದೆ ಕಂಠಕ್ಕ. ಇವರ ಹಿಂದೆ ನಿಂತಿದ್ದ ದಪ್ಪನೆಯ ಹೆಂಗಸು, ಮೈಯಿಂದ ಲಾಂಡ್ರಿಯ ಸೋಪಿನ ವಾಸನೆ ಬರುತ್ತಿದ್ದವಳು, ಭುಜ ತಟ್ಟಿದಳು.

"ಟಿವೀಲಿ ಬೈಯೋಳು ನೀನೇ ಅಲ್ವಾ? ಮುಖ ಬೇರೆ, ದನಿ ಅದೇ!"

"ನಾನೇ."

"ಅಯ್ಯೋ ನಿನ್ನ ಮನೆ ಹಾಳಾಗ! ನಾನು ಬರೋದೇ ಇಲ್ಲ ಅಂತ ಕೂತಿದ್ದೆ ಕಣೆ. ದಿನಾ ಬೆಳಗಾದ್ರೆ ಗೊಣಗಬೇಡ ಗೊಣಗಬೇಡ ಅಂತ ನನ್ನನ್ನೇ ಬೈದ ಹಾಗೆ ಆಗೋದು. ಮೈಯೆಲ್ಲಾ ಉರೀತು. ಇವಳ್ಯಾರು ನನಗೆ ಹೇಳೋಕೆ ಅಂತ ಸಿಟ್ಟಿಗೇ ಬಂದೆ."

ಸುತ್ತಲಿನವರು ಗೊಳ್ಳೆಂದರು. ಕಂಠಕ್ಕನೂ ನಕ್ಕಳು. ಮುಂದಿನ ಚಿತ್ರ ಕೈತಪ್ಪಿದ ದಿನದಿಂದ ಅವಳು ಬಾಯ್ತುಂಬ ನಕ್ಕಿದ್ದು ಆಗಲೇ.

ಸಾಲು ಕರಗುತ್ತ ಬಂತು. ತರಗತಿಯ ಬಾಗಿಲು ಹತ್ತಿರವಾದಾಗ ಅತ್ತೆ ಅರ್ಧ ತಿರುಗಿ, ಯಾರಿಗೂ ಕೇಳಿಸದಂತೆ ಕೇಳಿದಳು.

"ಒಳಗೆ ರಟ್ಟು ಅಡ್ಡ ಇಟ್ಟಿರ್ತಾರಲ್ಲ. ಅದರ ಹಿಂದೆ ನಾವೇನು ಮಾಡ್ತೀವಿ ಅಂತ ಯಾರಿಗಾದ್ರೂ ಗೊತ್ತಾಗುತ್ತಾ? ನಿಮ್ಮ ಮಾವ ನಂಗೆಲ್ಲಾ ತಿಳಿಯುತ್ತೆ ಅಂತಾರೆ."

"ಯಾರಿಗೂ ಗೊತ್ತಾಗಲ್ಲ ಅತ್ತೆ. ಮಾವನಿಗೂ ಗೊತ್ತಾಗಲ್ಲ, ಮೆಂಬರಿಗೂ ಗೊತ್ತಾಗಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

ಅತ್ತೆ ಒಳಗೆ ಹೋದಳು. ತುಂಬ ಹೊತ್ತು ಹೊರಗೆ ಬರಲಿಲ್ಲ. ಬಾಗಿಲಲ್ಲಿದ್ದ ಪೊಲೀಸಿನವನು ಇಣುಕಿ ನೋಡಿದ. ಸಾಲಿನಲ್ಲಿ ಗುಸುಗುಸು ಎದ್ದಿತು. ಒಳಗಿನಿಂದ ಅಧಿಕಾರಿಯ ದನಿ, "ಏನಮ್ಮಾ, ಗೊತ್ತಾಗ್ತಿಲ್ವಾ?" ಎಂದು ಕೇಳಿದ್ದು ಕೇಳಿಸಿತು. "ಗೊತ್ತಾಗ್ತಿದೆ, ಇರಿ," ಎಂದಳು ಅತ್ತೆ. ಬಹಳ ಹೊತ್ತಿನ ಮೇಲೆ ಯಂತ್ರ ಕೀ ಎಂದು ಕೂಗಿತು.

ಕಂಠಕ್ಕ ತನ್ನದನ್ನು ಹಾಕಿ ಬಂದಾಗ ಗಂಡಸರಿಬ್ಬರೂ ಅಂಗಳದ ಮರದ ಕೆಳಗೆ ನಿಂತಿದ್ದರು. ಅತ್ತೆ ಶಾಲೆಯ ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಕೂತಿದ್ದಳು. ಮಾವ ಅಲ್ಲಿಂದಲೇ ಕೇಳಿದ.

"ಅಷ್ಟು ಹೊತ್ತು ಒಳಗೆ ಏನು ಮಾಡ್ತಿದ್ದೆ?"

"ಓದ್ತಿದ್ದೆ."

"ಏನನ್ನ?"

"ಎಲ್ಲರ ಹೆಸರೂ," ಎಂದಳು ಅತ್ತೆ. "ಎಷ್ಟೊಂದು ಜನ ನಿಂತಿರ್ತಾರೆ ಅಂತ ನಂಗೆ ಗೊತ್ತೇ ಇರಲಿಲ್ಲ."

ಮಾವ ಸೊಸೆಯನ್ನು ನೋಡಿ, ಟವೆಲ್ ಸರಿಮಾಡಿಕೊಂಡ. "ಏಳು, ಹೋಗೋಣ. ಬಿಸಿಲೇರ್ತಿದೆ."

"ನೀವು ನಡೀರಿ," ಎಂದಳು ಅತ್ತೆ. ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿ ಸೊಸೆಗೆ ಕೂರಲು ತೋರಿಸಿದಳು. ಆಮೇಲೆ, ಶಾಯಿ ಇನ್ನೂ ಹಸಿಯಾಗಿದ್ದ ಬೆರಳನ್ನು ಕಣ್ಣಿನ ಹತ್ತಿರ ತಂದು, ಮೆಲ್ಲಗೆ ಊದತೊಡಗಿದಳು.