ನೆರಳಿನಾಗ ಎದ್ದ ಬೊಬ್ಬೆ

ನೌಬಾದದ ಕಾಲೇಜಿನ ಪ್ರಯೋಗಶಾಲೆಯ ಜವಾನ ಪಂಢರಿ ಮೂರನೇ ಇಯತ್ತೆಗೆ ಸಾಲಿ ಬಿಟ್ಟವ. ಆದರೆ ಸಿಟ್ಟನ್ನು ನಾಲ್ಕು ವರ್ಷ ಹೊಟ್ಟೆಯೊಳಗ ಇಟ್ಟುಕೊಂಡು, ಮುಖದ ಮೇಲೆ ತೋರಿಸದೆ ಚಹಾ ಕೊಡಬಲ್ಲವ.

ಅಲ್ಲೊಂದು ಉಕ್ಕಿನ ಪೆಟ್ಟಿಗೆ. ಒಳಗೆ ತುಸುವೇ ಹೈಡ್ರೋಜನ್ ಬಿಟ್ಟು, ತೀವ್ರ ನೇರಳಾತೀತ ಬೆಳಕನ್ನು ಮಿಂಚಿನಂತೆ ಬಿಟ್ಟುಬಿಟ್ಟು ಹಾಯಿಸುತ್ತಿದ್ದರು. ಬೆಳಕಿನ ಏಟಿಗೆ ಹೈಡ್ರೋಜನ್ ಅಯಾನು, ಎಲೆಕ್ಟ್ರಾನುಗಳಾಗಿ ಒಡೆದು ಪ್ಲಾಸ್ಮಾ ಆಗುತ್ತಿತ್ತು. ಒಳಗಿಟ್ಟ ಕನ್ನಡಿಬಿಲ್ಲೆಯ ಮೇಲೆ ಸಣ್ಣ ಬೊಬ್ಬೆ ಏಳುತ್ತಿದ್ದವು. ಬೊಬ್ಬೆ ಎಬ್ಬಿಸೋದು ಬೆಳಕು, ಬಿಲ್ಲೆಯ ಮುಂದೆ ತಗಡಿನ ಮರೆ ಕಟ್ಟಿದರೆ ಮುಗೀತು ಅನ್ನೋದು ಪ್ರಯೋಗಶಾಲೆಯ ಮುಖ್ಯಸ್ಥ ವೀರಭದ್ರ ಸಾಹೇಬರ ವಾದ.

ಪಂಢರಿಯ ಮಗಳು ಪ್ರಣಾಲಿ ಅವರ ಕೈಕೆಳಗೇ ಸಂಶೋಧನೆಗೆ ಸೇರಿದ್ದಳು. ಅವಳು ಅಳೆದು ತೋರಿಸಿದಳು: ಬೆಳಕು ನೇರ ಹೋಗುತ್ತದೆ, ಅಯಾನುಗಳು ಹಾಗಲ್ಲ. ಹಗುರಾದ ಎಲೆಕ್ಟ್ರಾನುಗಳು ಮೊದಲು ಓಡುತ್ತವೆ. ಅವು ಎಳೆದತ್ತ ಅಯಾನುಗಳು ಹೋಗಿ, ಬೆಳಕು ಆರಿದ ಮೇಲೂ ಮರೆಯ ಹಿಂದೆ ಹೊಕ್ಕು ಬಡಿದು ಬೊಬ್ಬೆ ಎಬ್ಬಿಸುತ್ತವೆ. ಸಾಹೇಬರು ಎಲ್ಲರೆದುರು ನಕ್ಕರು.

“ಗ್ಲಾಸ್ ತೊಳೆಯೋ ಪಂಢರಿ ಮಗಳು ನನಗ ಪಾಠ ಹೇಳ್ತಾಳ.”

ಸಂಶೋಧನೆಯ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. ಪ್ರಣಾಲಿ ಭಾಲ್ಕಿಯ ಒಂದು ಸಾಲಿಯಲ್ಲಿ ಕಲಿಸಲು ಹೋದಳು. ಔರಾದಿನ ಮನಿಗೆ ಬಂದಾಗ ಆ ಸುದ್ದಿ ಎತ್ತುತ್ತಿರಲಿಲ್ಲ. ಅದೇ ಪಂಢರಿಗೆ ಹೆಚ್ಚು ಉರಿಯಿತು.

ಕೆಟ್ಟ ಬಿಲ್ಲೆ ತಮ್ಮ ಟೇಬಲ್ ಮೇಲೆ ಕಾಣಬಾರದೆಂದು ಸಾಹೇಬರ ಹುಕುಂ ಇತ್ತು. ಬಿಲ್ಲೆ ಹಾಕೋದು, ತೆಗೆಯೋದು ಪಂಢರಿಯದೇ ಕೆಲಸ. ಮರೆಯ ಹಿಂದಿನ ಬಿಲ್ಲೆಯೂ ಕೆಟ್ಟೇ ಬರುತ್ತಿತ್ತು. ಅವನು ಅದನ್ನು ಚೆಲ್ಲಿ, ಹೊಸದನ್ನು ಇಡುತ್ತಿದ್ದ. ಸಾಹೇಬರು ಬಂದು, ನೋಡ್ರಿ ಉಳೀತು ಅಂತ ಅಳೆದು ಬರೆದುಕೊಳ್ಳುತ್ತಿದ್ದರು. ಇದು ಒಳಗಿಟ್ಟ ಅದೇ ಬಿಲ್ಲೆಯೇನು ಅಂತ ಒಂದು ದಿನವೂ ಕೇಳಲಿಲ್ಲ. ಪಂಢರಿಯೂ ಹೇಳಲಿಲ್ಲ. ಸಾಹೇಬರು ಏರಲಿ, ಇನ್ನೂ ಮ್ಯಾಲ ಏರಲಿ ಅಂತ ಕಾದ.

ಮರೆಯ ಮೇಲೆ ಸಾಹೇಬರು ಬರೆದ ಸಂಶೋಧನಾ ಬರಹಕ್ಕೆ ಬಹುಮಾನ ಬಂತು. ಮರೆಯನ್ನು ಪರೀಕ್ಷಿಸಲು ಹೈದರಾಬಾದಿನಿಂದ ವಿಜ್ಞಾನಿ ಉಜ್ವಲಾ ಮೇಡಂ ಬಂದರು. ಮೂರು ದಿನ ಯಂತ್ರ ನಡೆಯಿತು. ಈ ಸಲ ಪಂಢರಿ ಬಿಲ್ಲೆ ಮುಟ್ಟಲಿಲ್ಲ.

ನಾಲ್ಕನೇ ದಿನ ಸಾಹೇಬರೇ ಮುಚ್ಚಳ ತೆಗೆದರು. ಮೇಡಂ ಭೂತಗನ್ನಡಿ ಇಟ್ಟು ನೋಡಿದರು. ಮರೆಯ ಹಿಂದಿನ ಬಿಲ್ಲೆ ಸಿಡುಬು ಎದ್ದ ಮುಖದಂಗ ಆಗಿತ್ತು.

“ಏನ್ ಮಾಡಿದ್ಯೋ ಇದಕ್ಕ?” ಅಂದರು ಸಾಹೇಬರು.

“ಏನೂ ಮಾಡಿಲ್ಲರಿ. ದಿನಾ ಕೆಟ್ಟದ್ದು ಚೆಲ್ಲಿ ಹೊಸದು ಇಡ್ತಿದ್ದೆ, ನಿಮ್ಮ ಹುಕುಂನಂಗ. ಇದೊಂದು ಬಿಟ್ಟೆ.”

ಎಷ್ಟು ಬಿಲ್ಲೆ ಹಾಗೆ ಚೆಲ್ಲಿದಿ ಎಂದು ಮೇಡಂ ಕೇಳಿದರು.

“ಎಲ್ಲಾನೂರಿ.”

ಬಹುಮಾನದ ಬರಹ ವಾಪಸ್ ತಗೋಬೇಕಾಗ್ತದ ಅಂದರು ಮೇಡಂ. ಮತ್ತೆ, ನೆರಳಿನಲ್ಲಿ ಬೊಬ್ಬೆ ಯಾಕೆ ಏಳ್ತದ ಅಂತ ಕೇಳಿದರು.

“ನನಗ ಅಷ್ಟು ತಿಳಿಯಂಗಿಲ್ಲರಿ. ತಿಳಿದಾಕಿ ಭಾಲ್ಕ್ಯಾಗ ಇದ್ದಾಳ. ಹೆಸರು ಸಾಹೇಬರೇ ಹೇಳ್ತಾರ.”

ಸಾಹೇಬರು ಹೇಳುವ ತನಕ ಪಂಢರಿ ಅವರ ಬಾಯಿಯನ್ನೇ ನೋಡುತ್ತ ನಿಂತ. ಹೇಳಿದರು. ನೀವೇ ಫೋನ್ ಹಚ್ಚಿ ಆಕಿನ್ನ ಕರೀರಿ ಅಂದರು ಮೇಡಂ. ಪಂಢರಿ ಮಗಳ ನಂಬರನ್ನು ಒಂದೊಂದೇ ಅಂಕಿ, ನಿಧಾನಕ್ಕೆ, ಸಾಹೇಬರ ಬೆರಳು ತಪ್ಪಿದಾಗ ಮತ್ತೆ ಮೊದಲಿನಿಂದ ಹೇಳಿಕೊಟ್ಟ.