ಬೀರುವಿನ ಹಿಂದಿನ ಕಿಟಕಿ

ಮಾರಾಟದ ಜಾಹೀರಾತಿಗೆ ಫೋಟೋ ತೆಗೆಯುವ ಮುನ್ನ ಮನೆಯನ್ನು ಸಿಂಗರಿಸಲು ಬಂದವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಆಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ಆ ಚಪ್ಪಲಿಯನ್ನೂ ನಮ್ಮ ಚಪ್ಪಲಿಗಳನ್ನೂ ಒಂದೇ ಚೀಲಕ್ಕೆ ತುಂಬಿ ಸ್ನಾನದಮನೆಗೆ ಸಾಗಿಸಿದ್ದು. ಫೋಟೋ ನೋಡಿದವರಿಗೆ ಈ ಮನೆಯಲ್ಲಿ ಬೇರೆ ಯಾರೋ ಇದ್ದಾರೆ ಅನ್ನಿಸಬಾರದಂತೆ. ನಾನು ಇಲ್ಲಿ ಇಷ್ಟು ವರ್ಷ ಇದ್ದೂ ಇಲ್ಲದಂತೆಯೇ ಇದ್ದೆ. ಅಷ್ಟಕ್ಕಾಗಿ ಸಂಬಳ ಕೊಟ್ಟು ಒಬ್ಬಳನ್ನು ಕರೆಸುವ ಅಗತ್ಯವಿರಲಿಲ್ಲ.

ಮನೆ ಮಾರುವುದು ನಮ್ಮವರ ತೀರ್ಮಾನ. ನಿವೃತ್ತಿಯಾಯಿತು, ಇನ್ನು ತಮ್ಮನ ಮನೆಯ ಮಹಡಿಯಲ್ಲಿ ಇದ್ದುಬಿಡೋಣ ಎಂದರು. ಎಂದರೇನು ಬಂತು, ತಮ್ಮನ ಹತ್ತಿರ ಮಾತು ಮುಗಿಸಿಕೊಂಡು ಬಂದು ಆಮೇಲೆ ನನ್ನ ಕಿವಿಗೆ ಹಾಕಿದರು. ಸಾಲ ತೆಗೆಯುವಾಗ ನನ್ನ ಸಂಬಳವೂ ಬೇಕಾಗಿದ್ದರಿಂದ ಮನೆ ಇಬ್ಬರ ಹೆಸರಿನಲ್ಲಿದೆ. ನನ್ನ ಸಹಿ ಇಲ್ಲದೆ ಮಾರುವಂತಿಲ್ಲ. ಆಗಲಿ, ಹಾಕುತ್ತೇನೆ ಎಂದಿದ್ದೆ. ಈ ಕತ್ತಲ ಗೂಡಿನ ಮೇಲೆ ನನಗೇನೂ ವ್ಯಾಮೋಹವಿರಲಿಲ್ಲ.

ಕತ್ತಲೆಂದರೆ ಅಡುಗೆಮನೆಯ ಕತ್ತಲು. ನಮ್ಮ ಅಡುಗೆಮನೆಗೆ ದೊಡ್ಡದೊಂದು ಕಿಟಕಿಯಿದೆ ಎನ್ನುವುದು ರಸ್ತೆಯಲ್ಲಿ ನಿಂತು ತಲೆಯೆತ್ತಿದರೆ ಮಾತ್ರ ಗೊತ್ತಾಗುತ್ತಿತ್ತು. ಗಾಜಿನ ಹಿಂದೆ ಅತ್ತೆಯ ಕಬ್ಬಿಣದ ಬೀರುವಿನ ಹಸಿರು ಬೆನ್ನು ಕಾಣುತ್ತಿತ್ತು. ಮನೆ ಕೊಂಡು ಸಾಮಾನು ಸಾಗಿಸಿದಾಗ ನಾನು ಹೆರಿಗೆಗೆಂದು ತವರಿನಲ್ಲಿದ್ದೆ. ಮಗಳನ್ನೆತ್ತಿಕೊಂಡು ಬರುವಷ್ಟರಲ್ಲಿ ಬೀರು ಅಲ್ಲಿ ಬೇರುಬಿಟ್ಟಿತ್ತು. ಬಂದ ವಾರವೇ ಕೇಳಿದೆ, ಅದನ್ನು ಸ್ವಲ್ಪ ಸರಿಸಿ ಎಂದು.

"ಅದೇನು ಸರಿಯೋ ವಸ್ತುನಾ? ನೆಲ ಕಿತ್ಕೊಂಡು ಬರುತ್ತೆ ಅಷ್ಟೇ," ಎಂದರು ನಮ್ಮವರು.

ಒಮ್ಮೆ ಯಾರೂ ಇಲ್ಲದಾಗ ಹೆಗಲು ಕೊಟ್ಟು ನೂಕಿದೆ. ಸೊಂಟ ಹಿಡಿಯಿತೇ ಹೊರತು ಬೀರು ಕೂದಲೆಳೆಯಷ್ಟೂ ಅಲುಗಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಇನ್ನೊಮ್ಮೆ ಕೇಳಿದೆ. "ಅಮ್ಮ ಹೋದ್ರು, ಈಗ ಅಮ್ಮನ ಬೀರು ಮೇಲೆ ಬಿತ್ತಾ ನಿನ್ನ ಕಣ್ಣು?" ಎಂದರು. ಹಾಡಹಗಲೇ ಟ್ಯೂಬ್‌ಲೈಟ್ ಹಾಕಿಕೊಂಡು ಬೇಯಿಸಿದೆ, ತೊಳೆದೆ. ಸೊಪ್ಪಿನಲ್ಲಿ ಹುಳ ಇದೆಯೋ ಇಲ್ಲವೋ ನೋಡಬೇಕಾದರೆ ತಟ್ಟೆ ಹಿಡಿದುಕೊಂಡು ಹಾಲ್‌ಗೆ ಓಡುತ್ತಿದ್ದೆ. ಮಗಳು ಬೆಳೆದು, ಮದುವೆಯಾಗಿ, ತನ್ನ ಮನೆಗೆ ಹೋದಳು. ನಾನು ತಟ್ಟೆ ಹಿಡಿದುಕೊಂಡು ಓಡುವುದು ನಿಲ್ಲಲಿಲ್ಲ.

ಸಿಂಗಾರದವಳು ಅರ್ಧ ದಿನದಲ್ಲಿ ಮನೆಯನ್ನು ಮನೆಯಲ್ಲದಂತೆ ಮಾಡಿದಳು. ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ನಿಂಬೆಹಣ್ಣಿನ ಬುಟ್ಟಿ ಬಂತು. ಯಾರೂ ಮೈ ಒರೆಸದ ಬಿಳಿ ಟವೆಲ್‌ಗಳು ನೇತಾಡಿದವು. ನಮ್ಮವರ ಉತ್ಸಾಹವನ್ನಂತೂ ಕೇಳಲೇಬೇಡಿ. ಬಾಗಿಲ ಅಗುಳಿಗೆ ಹೊಸ ಮೊಳೆ ಹೊಡೆದರು. ತೊಟ್ಟಿಕ್ಕುವ ನಲ್ಲಿಗೆ ವಾಷರ್ ಹಾಕಿದರು. ಸ್ಟೂಲ್ ಹತ್ತಿ ಹಾಲ್‌ನ ಬಲ್ಬು ಬದಲಿಸಿದರು. ನಾನು ವರ್ಷಗಟ್ಟಲೆ ಗೋಗರೆದರೂ ಆಗದ್ದು, ಯಾರೋ ಗುರುತಿಲ್ಲದವರು ಬರುತ್ತಾರೆ ಎಂದ ಕೂಡಲೇ ಆಗಿಹೋಯಿತು. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಅವಳು ಅಡುಗೆಮನೆಗೆ ಬಂದಳು.

"ಆಂಟಿ, ಹಿಂದೆ ಇಷ್ಟು ದೊಡ್ಡ ಕಿಟಕಿ ಇಟ್ಕೊಂಡು ಈ ಬೀರು ಯಾಕೆ ಇಲ್ಲಿ?"

"ಅದು ಸರಿಯೋದಿಲ್ಲಮ್ಮ. ಬಿಟ್ಟುಬಿಡು."

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ನೆಲದ ಮೇಲೆ ಉದ್ದಕ್ಕೆ ಮಲಗಿ ಮೊಬೈಲಿನ ಬೆಳಕು ಬಿಟ್ಟು ಕೆಳಗೆ ನೋಡಿದಳು. "ಅಯ್ಯೋ, ಇದಕ್ಕೆ ಚಕ್ರ ಇದೆ ಆಂಟಿ! ಮುಂದೆ ಎರಡು ಮರದ ತುಂಡು ಸಿಕ್ಕಿಸಿದ್ದಾರೆ, ಅದಕ್ಕೇ ಸರಿದಿಲ್ಲ." ಪೊರಕೆಯ ಹಿಡಿಯಿಂದ ಎರಡು ಏಟು ಹಾಕಿದಳು. ತುಂಡುಗಳು ಹೊರಗೆ ಬಂದವು. ಎದ್ದು ನಿಂತು, ಒಂದು ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಇನ್ನೊಂದು ಕೈಯಿಂದ ತಳ್ಳಿದಳು. ಕಿರ್ ಎನ್ನುತ್ತಾ ಬೀರು ಕಾರಿಡಾರ್‌ಗೆ ಹೋಗಿ ನಿಂತಿತು.

ಬೆಳಕು ಒಳಗೆ ಬಂತು. ಒಲೆಯ ಮೇಲೆ, ಸಿಂಕಿನ ಮೇಲೆ, ನನ್ನ ಕೈಗಳ ಮೇಲೆ ಬಿತ್ತು. ಗೋಡೆಯ ಬಣ್ಣ ತಿಳಿ ಹಳದಿ ಎನ್ನುವುದು ಆಗ ಗೊತ್ತಾಯಿತು. ಇಷ್ಟು ದಿನ ಅದನ್ನು ಬೂದು ಎಂದುಕೊಂಡಿದ್ದೆ. ಎದುರು ಕಟ್ಟಡದ ಬಾಲ್ಕನಿಯಲ್ಲಿ ಯಾರೋ ಹೆಂಗಸು ತಲೆ ಒಣಗಿಸಿಕೊಳ್ಳುತ್ತಾ ನಿಂತಿದ್ದಳು. ನನಗೆ ಅಳು ಬಂತು. ಸಂತೋಷಕ್ಕಲ್ಲ, ಹೊಟ್ಟೆಯುರಿಗೆ.

ನಮ್ಮವರು ಬಾಗಿಲಲ್ಲಿ ಇಣುಕಿ, "ಓ, ಪರವಾಗಿಲ್ವೇ!" ಎಂದು ತಮ್ಮ ರಿಪೇರಿಗೆ ಮರಳಿದರು. ಪಾಪ, ಇವರಿಗೂ ಗೊತ್ತಿರಲಿಲ್ಲವಲ್ಲ ಎಂದುಕೊಂಡೆ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಬೀರುವಿನ ಮುಂದೆ ದಡ್ಡರಾಗಿದ್ದೆವು ಎಂದು ನಗು ಕೂಡ ಬಂತು. ಅಷ್ಟು ಹೊತ್ತು ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಫೋಟೋದವನು ಬಂದು ಕ್ಯಾಮೆರಾ ಹೂಡಿದ. "ಅಮ್ಮಾ, ಸ್ವಲ್ಪ ಆಚೆ ಹೋಗ್ತೀರಾ? ನಿಮ್ಮ ನೆರಳು ಬೀಳ್ತಿದೆ," ಎಂದ. ಆಚೆ ಹೋದೆ.

ಎಲ್ಲ ಮುಗಿದ ಮೇಲೆ ಸಿಂಗಾರದವಳು ಬೀರು ಎಲ್ಲಿಡಲಿ ಎಂದು ಕೇಳಿದಳು. "ಎಲ್ಲಿತ್ತೋ ಅಲ್ಲೇ," ಎಂದರು ನಮ್ಮವರು, ತಲೆಯೆತ್ತದೆ. ಕಾರಿಡಾರ್‌ನಲ್ಲಿದ್ದರೆ ಓಡಾಡಲು ಅಡ್ಡಿ ಎನ್ನುವುದು ನಿಜ. ಬೀರು ಹಿಂದಕ್ಕೆ ಹೋಯಿತು, ಮರದ ತುಂಡುಗಳೂ ಅದರ ಕೆಳಗೆ ಹೋದವು, ನಾನು ಟ್ಯೂಬ್‌ಲೈಟ್ ಹಾಕಿದೆ.

ಆದರೆ ಗುಟ್ಟು ತಿಳಿದ ಮೇಲೆ ಸುಮ್ಮನಿರಲಾಗುತ್ತದೆಯೇ? ಬೆಳಿಗ್ಗೆ ಅವರು ವಾಕಿಂಗ್ ಹೊರಟ ಕೂಡಲೇ ನಾನು ತುಂಡು ಕಿತ್ತು ಬೀರು ತಳ್ಳುತ್ತಿದ್ದೆ. ತರಕಾರಿ ಹೆಚ್ಚುತ್ತಿದ್ದೆ, ಇಲ್ಲವೇ ಬರೀ ಚಹಾ ಹಿಡಿದುಕೊಂಡು ನಿಲ್ಲುತ್ತಿದ್ದೆ. ಎದುರಿನ ಹೆಂಗಸು ಒಂದು ದಿನ ಕೈ ಬೀಸಿದಳು. ನಾನೂ ಬೀಸಿದೆ. ಅವರು ಬರುವಷ್ಟರಲ್ಲಿ ಎಲ್ಲ ಮೊದಲಿನಂತೆ. ಸ್ವಂತ ಮನೆಯ ಬೆಳಕನ್ನು ಕದ್ದು ನೋಡುವ ಹಣೆಬರಹ ನನ್ನದು. ಆದರೂ ಆ ಮನೆಯ ಮೇಲೆ ನನಗೆ ಆಸೆ ಹುಟ್ಟಿಬಿಟ್ಟಿತು. ಅದನ್ನು ಬಿಟ್ಟುಹೋಗುವುದು ಬೇಡವೇ ಬೇಡ ಅನ್ನಿಸಿತು.

ಒಂದು ಸಂಜೆ ಹೇಳಿಯೇಬಿಟ್ಟೆ. "ನಾನು ಸಹಿ ಹಾಕಲ್ಲ. ಮನೆ ಮಾರೋದು ಬೇಡ. ಬೀರು ಮಲಗೋ ಕೋಣೆಗೆ ಹಾಕೋಣ, ಇಲ್ಲೇ ಇರೋಣ."

"ಒಂದು ಕಿಟಕಿಗೋಸ್ಕರ ಮನೆ ಮಾರೋದು ಬಿಡ್ತಾರೇನೇ?"

"ಕಿಟಕಿಗೋಸ್ಕರಾನೇ. ನಾನು ಅಲ್ಲಿ ನಿಂತ್ಕೋಬೇಕು."

"ಸರಿ ಸರಿ. ನಾಳೆ ಬರೋರು ನೋಡ್ಕೊಂಡು ಹೋಗ್ಲಿ. ಆಮೇಲೆ ಮಾತಾಡೋಣ," ಎಂದು ಟಿವಿಯ ಸದ್ದು ಜೋರು ಮಾಡಿದರು. ಇಲ್ಲ ಎನ್ನಲಿಲ್ಲವಲ್ಲ ಎಂದು ನಾನು ಗೆಲುವಾಗಿಯೇ ಮಲಗಿದೆ.

ಮರುದಿನ ದಲ್ಲಾಳಿ ಒಂದು ಜೋಡಿಯನ್ನು ಕರೆತಂದ. ಹುಡುಗಿ ಬಸುರಿ. ಮೊಬೈಲಿನಲ್ಲಿ ನಮ್ಮ ಅಡುಗೆಮನೆಯ ಫೋಟೋ ಹಿಡಿದುಕೊಂಡೇ ಒಳಗೆ ಬಂದಳು. ಜಾಹೀರಾತಿನಲ್ಲಿ ಮೊದಲ ಫೋಟೋ ಅದೇ ಅಂತೆ. ಟ್ಯೂಬ್‌ಲೈಟ್ ಉರಿಯುತ್ತಿದ್ದುದನ್ನೂ ಬೀರುವನ್ನೂ ನೋಡಿ ಅವಳ ಮುಖ ಸಪ್ಪಗಾಯಿತು.

"ಇದು ಅದೇ ಅಡುಗೆಮನೆನಾ? ಕಿಟಕಿ ಎಲ್ಲಿ?"

"ಇಲ್ಲೇ ಇದೆಯಮ್ಮಾ, ಒಂದು ನಿಮಿಷ," ಎಂದು ನಮ್ಮವರು ಮುಂದೆ ಬಂದರು. ಬಗ್ಗಿ ನೋಡಲೂ ಇಲ್ಲ. ಕಾಲಿನ ಹೆಬ್ಬೆರಳಿನಿಂದಲೇ ಹುಡುಕಿ, ಮೊದಲು ಎಡದ ತುಂಡು, ಆಮೇಲೆ ಬಲದ್ದು, ಈಚೆಗೆ ಜಾರಿಸಿದರು. ಒಂದು ಕೈಯಿಂದ ಬೀರು ತಳ್ಳಿದರು. "ಚಕ್ರ ಇದೆ ಇದಕ್ಕೆ. ಮಗು ಕೂಡ ತಳ್ಳಬಹುದು. ಎದುರು ಕಟ್ಟಡದಿಂದ ಮನೆ ಹೆಂಗಸರು ಕಾಣ್ತಾರೆ ಅಂತ ನಮ್ಮಮ್ಮ ಇಲ್ಲಿ ಇಡಿಸಿದ್ರು. ಸರಿದಾಡದೇ ಇರ್ಲಿ ಅಂತ ಮರದ ತುಂಡು ಕೊಯ್ದು ಸಿಕ್ಕಿಸಿದ್ದು ನಾನೇ."

ನಗುನಗುತ್ತಾ, ತಮ್ಮ ಕೈಚಳಕವನ್ನು ತಾವೇ ಮೆಚ್ಚಿಕೊಂಡು ಹೇಳಿದರು. ನಾನು ಅಲ್ಲೇ ಇದ್ದೇನೆ ಎನ್ನುವುದೂ ಅವರಿಗೆ ನೆನಪಿರಲಿಲ್ಲ. ಬಚ್ಚಿಡಬೇಕು ಎಂದು ಕೂಡ ಅನ್ನಿಸದಷ್ಟು ಸಣ್ಣ ವಿಷಯ ಅವರಿಗದು.

ಬೆಳಕು ಆ ಹುಡುಗಿಯ ಮುಖದ ಮೇಲೆ ಬಿತ್ತು. ಅವಳು ಕಿಟಕಿಯ ಬಳಿ ಹೋಗಿ ನಿಂತಳು. ಆಮೇಲೆ ನನ್ನತ್ತ ತಿರುಗಿ, "ಮತ್ತೆ ನೀವ್ಯಾಕೆ ಆಂಟಿ ಇಷ್ಟು ದಿನ ಇದನ್ನ ಸರಿಸ್ಲೇ ಇಲ್ಲ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಹೇಳಿದರು. "ಅವಳಿಗೆ ಹೀಗೇ ಅಭ್ಯಾಸ."

ಆ ಮರದ ತುಂಡುಗಳು ಅವರ ಕಾಲ ಬಳಿ ಬಿದ್ದಿದ್ದವು. ಕಳೆದುಹೋಗದಿರಲಿ ಎಂದು ಎರಡನ್ನೂ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ತಮ್ಮನ ಮನೆಯ ಮಹಡಿಯಾದರೇನು, ಇದೇ ಮನೆಯಾದರೇನು, ಆ ಜೇಬು ನನ್ನ ಜೊತೆಗೇ ಇರುತ್ತದೆ. ಸಹಿ ಹಾಕದೆ ನಾನು ಉಳಿಸಿಕೊಳ್ಳುವುದು ಏನೂ ಇರಲಿಲ್ಲ.

ಗೋಡೆಯ ಬಳಿ ಹೋಗಿ ಟ್ಯೂಬ್‌ಲೈಟ್ ಆರಿಸಿದೆ.

"ತಗೊಳ್ಳಮ್ಮ," ಎಂದೆ ಆ ಹುಡುಗಿಗೆ. "ಒಳ್ಳೆ ಅಡುಗೆಮನೆ. ಒಳ್ಳೆ ಬೆಳಕು ಬರುತ್ತೆ. ನಾನೂ ಮೊನ್ನೆ ಮೊನ್ನೆ ನೋಡಿದೆ."