ಮೆಷಿನ್ ನಿಲ್ಲುವ ತನಕ

ಮಗಳು ಮೆಷಿನ್ನಿನ ಹಗ್ಗ ಎಳೆದಳು. ಅದು ಗರ್ರೆಂದು ಹೊರಟಿತು. ಮರುಕ್ಷಣ ಅವಳೇ ಆರಿಸಿಬಿಟ್ಟಳು.

"ಯಾಕೆ ಆಫ್ ಮಾಡ್ದೆ? ಚೆನ್ನಾಗೇ ಓಡ್ತಿತ್ತಲ್ಲ!" ಎಂದ ಸೋದರಮಾವ.

"ನೋಡೋರಿಲ್ಲ, ಮಾವ."

ರಾತ್ರಿಯ ಗಾಳಿಗೆ ಉರುಳಿದ ಮರ ಮನೆಯ ದಾರಿಗೆ ಅಡ್ಡ ಬಿದ್ದಿತ್ತು. ಆಚೆ ಶವ ಸಾಗಿಸುವ ವ್ಯಾನು, ಈಚೆ ಜನ. ನಡುಮನೆಯಲ್ಲಿ ಅಮ್ಮನ ದೇಹ. ಮರ ಕೊಯ್ಯುವ ಮೆಷಿನ್ನೂ ಅಮ್ಮನದೇ.

"ನಾನಿಲ್ವಾ ನೋಡೋಕೆ?"

"ನಿನ್ನ ಕಣ್ಣು ಫೋನ್ ಬಿಟ್ಟು ಕದಲಲ್ಲ. ಅಪ್ಪನೇ ಬರ್ಬೇಕು."

ಅಪ್ಪ ಬೆಳಗಿನಿಂದ ಹೆಂಡತಿಯ ಪಕ್ಕದ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಕರೆಯಲು ಹೋದವರಿಗೆಲ್ಲ ಒಂದೇ ಮಾತು: "ಇವತ್ತೊಂದು ದಿನ ಇವಳ ಹತ್ರ ಇರೋಕೆ ಬಿಡ್ರಪ್ಪ."

*

ಕೂಲಿಗೆ ಬಂದವನೊಬ್ಬ ಕೊಂಬೆಯನ್ನು ನೇರ ಅಡುಗೆಮನೆಯ ಮೇಲೆ ಕೆಡವಿದ ವರ್ಷ ಅಮ್ಮ ಆ ಮೆಷಿನ್ ಕೊಂಡಿದ್ದಳು. ಊರವರ ಹೊಲಿಗೆ ಯಂತ್ರ ರಿಪೇರಿ ಮಾಡಿ ಪಳಗಿದ ಕೈ. ಊಟದ ಮೇಜಿನ ಮೇಲೆ ಬಿಚ್ಚಿ, ಒರೆಸಿ, ಜೋಡಿಸಿದಳು. ಕೊಯ್ಯಲು ಹೋದರೆ ಬರೀ ಹೊಗೆ. ಚೈನಿನ ಹಲ್ಲು ಹಿಂದುಮುಂದಾಗಿತ್ತು.

"ಮರ ಕೊಯ್ತಿದೀಯೋ, ಸೊಳ್ಳೆ ಓಡಿಸ್ತಿದೀಯೋ?" ಎಂದು ಗಂಡ ನಕ್ಕ.

"ನಗೋದು ಸುಲಭ ಕಣ್ರೀ. ಎರಡು ಮರದಷ್ಟು ದೂರ ಹೋಗಿ ನಿಂತ್ಕೊಳ್ಳಿ. ನಾನು ಮರ ನೋಡ್ತೀನಿ, ನೀವು ನನ್ನ ನೋಡಿ. ಏನಾದ್ರೂ ಅಲ್ಲಾಡಿದ್ರೆ ಕೈ ಎತ್ತಿ."

ಅಂದಿನಿಂದ ಅವನು ಎದುರು ನಿಲ್ಲದೆ ಅವಳು ಒಂದು ಕೊಂಬೆಯನ್ನೂ ಕೊಯ್ದವಳಲ್ಲ. ಮಗಳಿಗೂ ಹಾಗೆಯೇ ಕಲಿಸಿದಳು. 'ನಾನು ಬರೀ ಬೆದರುಬೊಂಬೆ' ಎಂದು ಅವನು ನೆಂಟರೆದುರು ಗೊಣಗುತ್ತಿದ್ದ. ಆದರೆ ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದೇ ಇಲ್ಲ.

*

ಕೊನೆಗೆ ಮಗಳೇ ಒಳಗೆ ಬಂದಳು. "ಅಪ್ಪ, ಮರ ಬಿಲ್ಲಿನ ಹಾಗೆ ಬಾಗಿ ಕೂತಿದೆ. ಕೊಯ್ದ್ರೆ ಸಿಡೀಬಹುದು. ನೀನಿಲ್ದೆ ನಂಗೆ ಭಯ."

ಅವನು ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ. ಹೊದಿಕೆ ಸರಿಮಾಡಿ, "ಬರ್ತೀನಿ ಕಣೇ," ಎಂದು ಹೆಂಡತಿಗೆ ಹೇಳಿ ಎದ್ದ.

ಜನರನ್ನೆಲ್ಲ ಹಿಂದೆ ಸರಿಸಿ ತನ್ನ ಜಾಗದಲ್ಲಿ ನಿಂತ. ಮೆಷಿನ್ ಹೊರಟಿತು. ಸ್ವಲ್ಪ ಹೊತ್ತಿಗೆ ಕಾಂಡ ಸಣ್ಣಗೆ ಅಲುಗಿತು. ಅವನ ಕೈ ಮೇಲೆದ್ದಿತು. ಮಗಳು ಪಕ್ಕಕ್ಕೆ ಸರಿದಳು. ಅವಳು ನಿಂತಿದ್ದ ಜಾಗಕ್ಕೇ ಕೊಂಬೆ ಬಡಿದು ಮಣ್ಣು ಹಾರಿತು. ಸೋದರಮಾವ ತೆಪ್ಪಗೆ ಫೋನು ಜೇಬಿಗಿಟ್ಟ.

ಮಗಳು ಮತ್ತೆ ಬಾಗಿದಳು. ಇನ್ನೊಂದು ತುಂಡಷ್ಟೇ ಉಳಿದಿತ್ತು. ಸ್ಮಶಾನದಲ್ಲಿ ಕಾಯುತ್ತಿದ್ದಾರೆಂದು ಒಳಗಿದ್ದವರು ಅಮ್ಮನನ್ನು ಹೊತ್ತು ಅಂಗಳಕ್ಕೆ ತಂದರು.

"ಭಾವ, ಅಕ್ಕ ಬಂದ್ಲು," ಎಂದು ಸೋದರಮಾವ ಅವನ ಕಿವಿಯ ಬಳಿ ಕೂಗಿದ.

ಅವನು ತಿರುಗಲಿಲ್ಲ. ಮೆಷಿನ್ ಇನ್ನೂ ಓಡುತ್ತಿತ್ತು. ಕಣ್ಣು ಮಂಜಾದಾಗೆಲ್ಲ ತೋಳಿನಿಂದ ಒರೆಸಿಕೊಂಡು, ಅವನು ಮತ್ತೆ ಮಗಳನ್ನೇ ನೋಡಿದ.